ಪೊಸಿಷನ್ ಬದಲಾಯಿಸಿದ್ರೆ ಹುಡುಗ ಹಾಳಾಗ್ತಾನಾ? ರೆಡ್ ಸಾಕ್ಸ್ ಜಗಳ, ಜೊತೆಗೆ ಒಬ್ಬ ಅಪ್ಪನ ಚಿಂತೆ

ಓದುಗರ ಪ್ರಶ್ನೆ: ಸರ್ ನಮಸ್ಕಾರ, ನಾವು ದಾವಣಗೆರೆ ಕಡೆಯೋರು, ಹನ್ನೆರಡು ವರ್ಷದಿಂದ ಮ್ಯಾಸಚೂಸೆಟ್ಸ್‌ನಲ್ಲಿ ವುಸ್ಟರ್ ಹತ್ತಿರ ಇದೀವಿ. ಮಗನಿಗೆ ಈಗ 15, ಬೋಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ಟೀಮ್ ಅಂದ್ರೆ ಪ್ರಾಣ. ನಾನು ಕ್ರಿಕೆಟ್ ನೋಡ್ಕೊಂಡು ಬೆಳೆದೋನು, ಅವನ ಜೊತೆ ಕೂತೂ ಕೂತೂ ನನಗೂ ಈ ಆಟದ ಹುಚ್ಚು ಹಿಡೀತು. ಈ 2025ರ ಸೀಸನ್ ಪೂರ್ತಿ ಊಟಕ್ಕೆ ಕೂತ್ರೆ ಸಾಕು ನಮ್ಮಿಬ್ರಿಗೂ ವಾದ. ಟೀಮ್‌ನ ಸ್ಟಾರ್ ಬ್ಯಾಟರ್ ರಫೇಲ್ ಡೆವರ್ಸ್‌ನ ಥರ್ಡ್ ಬೇಸ್ ಫೀಲ್ಡಿಂಗ್ ಜಾಗದಿಂದ ಎಬ್ಬಿಸಿದ್ದು ಅವಮಾನ ಅಂತ ನಾನು, ಟೀಮ್‌ಗಿಂತ ಅವನು ದೊಡ್ಡೋನಾ ಅಂತ ಮಗ. ಹೊಸ ಹುಡುಗ ಕ್ಯಾಂಪ್‌ಬೆಲ್‌ನ ಅಲ್ಲಿ ಇಲ್ಲಿ ನಿಲ್ಲಿಸಿ ಕೆಡಿಸಿದ್ರು ಅಂತ ನಾನು, ಅವನಿಗೆ ಹೊಡೆಯೋಕೆ ಬರ್ಲಿಲ್ಲ ಅಷ್ಟೇ ಅಂತ ಅವನು. ಔಟ್‌ಫೀಲ್ಡಲ್ಲಿ, ಅಂದ್ರೆ ಬೇಸ್‌ಗಳ ಹಿಂದಿನ ದೂರದ ಮೈದಾನದಲ್ಲಿ, ಮೂರು ಜಾಗಕ್ಕೆ ನಾಲ್ಕು ಜನ ಇದಾರಲ್ಲ, ಒಬ್ಬರನ್ನ ಬಿಟ್ಟುಕೊಡಬೇಕಾ ಬೇಡ್ವಾ ಅನ್ನೋದು ಇನ್ನೂ ಮುಗಿದಿಲ್ಲ. ಇಷ್ಟೇ ಆಗಿದ್ರೆ ನಿಮಗೆ ಬರೀತಿರ್ಲಿಲ್ಲ. ಮಗ ಶಾಲೆ ಟೀಮಲ್ಲಿ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ಮಧ್ಯೆ ನಿಲ್ಲೋ ಫೀಲ್ಡರ್) ಆಡ್ತಾನೆ, ಬರೋ ಮಾರ್ಚ್‌ನಿಂದ ಸೆಂಟರ್ ಫೀಲ್ಡ್‌ಗೆ (ಔಟ್‌ಫೀಲ್ಡ್‌ನ ನಡುಜಾಗಕ್ಕೆ) ಹೋಗು ಅಂತ ಕೋಚ್ ಹೇಳಿದಾರಂತೆ. ಡೆವರ್ಸ್ ಬಗ್ಗೆ ಅಷ್ಟು ಜೋರಾಗಿ ಮಾತಾಡ್ತಿದ್ದ ಹುಡುಗ ಅವತ್ತಿಂದ ರೂಮ್ ಬಾಗಿಲು ಹಾಕ್ಕೊಂಡು ಕೂರ್ತಾನೆ. ಇದು ಅವನನ್ನ ಕೆಳಗಿಳಿಸಿದ ಹಾಗಾ? ನಾನೇ ಹೋಗಿ ಕೋಚ್ ಹತ್ರ ಮಾತಾಡ್ಲಾ?

ಉತ್ತರ: ನಮಸ್ಕಾರ ಸರ್. ನಿಮ್ಮ ಪತ್ರವನ್ನ ಎರಡು ಸಲ ಓದಿದೆ. ಮೇಲೆ ಮೇಲೆ ನೋಡಿದ್ರೆ ರೆಡ್ ಸಾಕ್ಸ್ ಬಗ್ಗೆ ಮೂರು ಪ್ರಶ್ನೆ, ಮಗನ ಬಗ್ಗೆ ಒಂದು, ಆದ್ರೆ ಒಳಗಿರೋದು ಒಂದೇ: ಒಬ್ಬ ಆಟಗಾರನನ್ನ ಅವನು ಪ್ರೀತಿಸೋ ಜಾಗದಿಂದ ಎಬ್ಬಿಸಿದ್ರೆ ಅವನ ಬೆಲೆ ಕಡಿಮೆ ಆಯ್ತಾ, ಅವನ ಆಟ ಕೆಡುತ್ತಾ? ನಾನು ಹನ್ನೊಂದು ವರ್ಷ ಮೈನರ್ ಲೀಗ್ (ಮೇಜರ್ ಲೀಗ್‌ಗೆ ಹುಡುಗರನ್ನ ತಯಾರು ಮಾಡೋ ಲೀಗ್) ಟೀಮ್‌ಗಳಲ್ಲಿ ವಿಡಿಯೋ ಮತ್ತು ಫೀಲ್ಡಿಂಗ್ ಡೇಟಾ ನೋಡೋ ಕೆಲಸ ಮಾಡಿದೀನಿ, ಹುಡುಗರನ್ನ ಒಂದು ಪೊಸಿಷನ್‌ನಿಂದ ಇನ್ನೊಂದಕ್ಕೆ ಕಳಿಸೋ ಮೀಟಿಂಗ್‌ಗಳಲ್ಲಿ ಕೂತಿದೀನಿ, ಮೀಟಿಂಗ್ ಮುಗಿದ ಮೇಲೆ ಆ ಹುಡುಗರ ಮುಖಾನೂ ನೋಡಿದೀನಿ. ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ಅವಮಾನದ ವಿಷಯ ತಗೊಳೋಣ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥ ಆಗಲ್ಲ, ಯಾಕಂದ್ರೆ ಅಲ್ಲಿ ಫೀಲ್ಡಿಂಗ್ ಜಾಗ ಯಾರ ಸ್ವತ್ತೂ ಅಲ್ಲ, ಈ ಓವರ್ ಪಾಯಿಂಟಲ್ಲಿ ನಿಂತೋನು ಮುಂದಿನ ಓವರ್ ಲಾಂಗ್ ಆನ್‌ಗೆ ಓಡ್ತಾನೆ. ನಾವು ಮರ್ಯಾದೆ ಪ್ರಶ್ನೆ ಮಾಡ್ಕೊಳೋದು ಬ್ಯಾಟಿಂಗ್ ಆರ್ಡರಲ್ಲಿ, ಓಪನರ್‌ನ ಆರನೇ ನಂಬರ್‌ಗೆ ಇಳಿಸಿದ್ರೆ ಊರೆಲ್ಲಾ ಮಾತಾಡುತ್ತೆ. ಬೇಸ್‌ಬಾಲಲ್ಲಿ ಇದು ಉಲ್ಟಾ. ಇಲ್ಲಿ ಬ್ಯಾಟಿಂಗ್ ಆರ್ಡರ್ ದಿನಾ ಬದಲಾದ್ರೂ ಯಾರೂ ತಲೆ ಕೆಡಿಸ್ಕೊಳಲ್ಲ, ಆದ್ರೆ ಹೆಸರಿನ ಜೊತೆ ಪೊಸಿಷನ್ ಅಂಟ್ಕೊಂಡಿರುತ್ತೆ, ಸ್ಕೋರ್ ಬುಕ್ಕಲ್ಲಿ ಶಾರ್ಟ್‌ಸ್ಟಾಪ್ ಅಂದ್ರೆ 6, ಸೆಂಟರ್ ಫೀಲ್ಡ್ ಅಂದ್ರೆ 8, ಹುಡುಗರು ಏಳೆಂಟು ವರ್ಷದಿಂದ್ಲೇ ನಾನು ಶಾರ್ಟ್‌ಸ್ಟಾಪ್ ಅಂತ ಹೇಳ್ಕೊಂಡು ಬೆಳೀತಾರೆ. ನಮ್ಮ ಕಡೆ ಇದಕ್ಕೆ ಹತ್ತಿರ ಬರೋ ಉದಾಹರಣೆ ಅಂದ್ರೆ 2003ರ ವರ್ಲ್ಡ್ ಕಪ್ಪಲ್ಲಿ ರಾಹುಲ್ ದ್ರಾವಿಡ್ ಕೀಪಿಂಗ್ ಗ್ಲೌಸ್ ಹಾಕ್ಕೊಂಡಿದ್ದು. ಅದು ಅವರ ಕೆಲಸ ಆಗಿರ್ಲಿಲ್ಲ, ಆದ್ರೆ ಅವರು ಕೀಪ್ ಮಾಡಿದ್ದಕ್ಕೆ ಟೀಮಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಸಿಕ್ತು. ಇಪ್ಪತ್ತು ವರ್ಷ ಆದ್ಮೇಲೆ 2023ರಲ್ಲಿ ಕೆ.ಎಲ್. ರಾಹುಲ್ ಮಾಡಿದ್ದೂ ಅದೇ. ಎರಡು ಸಲವೂ ಇಂಡಿಯಾ ಫೈನಲ್ ತನಕ ಹೋಯ್ತು. ಅದನ್ನ ಯಾರೂ ಅವಮಾನ ಅನ್ನಲಿಲ್ಲ. ಆದ್ರೆ ಒಂದು ವಿಷಯ ಗಮನಿಸಿ, ಇಬ್ರಿಗೂ ಸಿಕ್ಕಿದ್ದು ಮೊದಲಿದ್ದಕ್ಕಿಂತ ಕಷ್ಟದ, ಜವಾಬ್ದಾರಿ ಜಾಸ್ತಿ ಇರೋ ಕೆಲಸ. ಡೆವರ್ಸ್‌ಗೆ ಕೇಳಿದ್ದು ಅದರ ವಿರುದ್ಧ ದಿಕ್ಕು.

ದಿಕ್ಕು ಅಂದ್ನಲ್ಲ, ಅದನ್ನ ಬಿಡಿಸಿ ಹೇಳ್ತೀನಿ. ಬೇಸ್‌ಬಾಲ್ ಪೊಸಿಷನ್‌ಗಳು ಒಂದು ಏಣಿ ಇದ್ದ ಹಾಗೆ, ಮೇಲಿನ ಮೆಟ್ಟಿಲಲ್ಲಿ ನಿಲ್ಲಬಲ್ಲೋರು ಕಡಿಮೆ, ಕೆಳಗಿನ ಮೆಟ್ಟಿಲಲ್ಲಿ ತುಂಬಾ ಜನ. ಫ್ಯಾನ್‌ಗ್ರಾಫ್ಸ್ ಅನ್ನೋ ಬೇಸ್‌ಬಾಲ್ ಅಂಕಿಅಂಶದ ವೆಬ್‌ಸೈಟ್‌ನೋರು ಆಟಗಾರನ ಒಟ್ಟು ಬೆಲೆ ಲೆಕ್ಕ ಹಾಕುವಾಗ ಪೂರ್ತಿ 162 ಮ್ಯಾಚ್ ಸೀಸನ್‌ಗೆ ಕ್ಯಾಚರ್‌ಗೆ 12.5 ರನ್ ಸೇರಿಸ್ತಾರೆ, ಶಾರ್ಟ್‌ಸ್ಟಾಪ್‌ಗೆ 7.5, ಸೆಕೆಂಡ್ ಬೇಸ್, ಥರ್ಡ್ ಬೇಸ್, ಸೆಂಟರ್ ಫೀಲ್ಡ್ ಮೂರಕ್ಕೂ 2.5. ಆಮೇಲೆ ಕಳೆಯೋದು ಶುರು: ಲೆಫ್ಟ್ ಮತ್ತು ರೈಟ್ ಫೀಲ್ಡ್‌ಗೆ 7.5 ಕಳೀತಾರೆ, ಫಸ್ಟ್ ಬೇಸ್‌ಗೆ 12.5, ಬರೀ ಬ್ಯಾಟ್ ಮಾಡೋ ಡಿಎಚ್‌ಗೆ 17.5. ಸುಮಾರು ಹತ್ತು ರನ್ ಅಂದ್ರೆ ಒಂದು ಗೆಲುವು ಅಂತ ಇಟ್ಕೊಳಿ. ಅಂದ್ರೆ ಥರ್ಡ್ ಬೇಸ್‌ನಿಂದ ಡಿಎಚ್‌ಗೆ ಬಂದೋನು ಅಷ್ಟೇ ಬೆಲೆ ಉಳಿಸ್ಕೊಬೇಕು ಅಂದ್ರೆ ಬ್ಯಾಟಲ್ಲಿ ಇನ್ನೂ 20 ರನ್ ಜಾಸ್ತಿ ತರಬೇಕು, ಇಲ್ಲಾಂದ್ರೆ ಅವನು ಥರ್ಡ್ ಬೇಸಲ್ಲಿ ನಿಂತು ಅಷ್ಟು ರನ್ ಹಾಳು ಮಾಡ್ತಿದ್ದೋನಾಗಿರಬೇಕು. ಹಾಗಾಗಿ ಡೆವರ್ಸ್‌ಗೆ ನನ್ನನ್ನ ಕೆಳಗಿಳಿಸಿದ್ರು ಅಂತ ಅನ್ಸಿದ್ದು ಬರೀ ಅಹಂಕಾರ ಅಂತ ನಿಮ್ಮ ಮಗ ಹೇಳಿದ್ರೆ ಈ ಲೆಕ್ಕ ತೋರಿಸಿ, ಆ ನೋವಿಗೆ ಆಧಾರ ಇದೆ.

ಆದ್ರೆ ನೀವು ಹೇಳೋ ಹಾಗೆ ಅವನನ್ನ ಎಬ್ಬಿಸಿದ್ದೇ ತಪ್ಪು ಅನ್ನೋದನ್ನ ನಾನು ಒಪ್ಪಲ್ಲ. ಫೆಬ್ರವರಿಯಲ್ಲಿ ಟೀಮ್ ಅಲೆಕ್ಸ್ ಬ್ರೆಗ್‌ಮನ್‌ನ ಕರ್ಕೊಂಡು ಬಂತು, ಅವನು ಹಿಂದಿನ ವರ್ಷವಷ್ಟೇ ಥರ್ಡ್ ಬೇಸಲ್ಲಿ ಗೋಲ್ಡ್ ಗ್ಲೌ (ಬೆಸ್ಟ್ ಫೀಲ್ಡರ್ ಪ್ರಶಸ್ತಿ) ಗೆದ್ದಿದ್ದ. ಡೆವರ್ಸ್ ಅಲ್ಲಿ ಎರರ್‌ಗಳನ್ನ ಜಾಸ್ತಿ ಮಾಡ್ತಿದ್ದ, ಇದು ಅವನ ಮೇಲೆ ಪ್ರಾಣ ಇಟ್ಕೊಂಡಿರೋ ಬೋಸ್ಟನ್ ಜನಕ್ಕೂ ಗೊತ್ತು. ಒಳ್ಳೇ ಫೀಲ್ಡರ್ ಬಂದಾಗ ಅವನನ್ನ ಅಲ್ಲಿ ನಿಲ್ಲಿಸೋದು ಟೀಮ್ ಧರ್ಮ. ಕೆಟ್ಟಿದ್ದು ಹೇಳಿದ ರೀತಿಯಲ್ಲಿ, ಹೇಳಿದ ಹೊತ್ತಲ್ಲಿ. 313.5 ಮಿಲಿಯನ್ ಡಾಲರ್‌ನ ಹತ್ತು ವರ್ಷದ ಒಪ್ಪಂದ ಮಾಡ್ಕೊಂಡಿರೋ ಆಟಗಾರ, ಥರ್ಡ್ ಬೇಸ್ ನನ್ನ ಪೊಸಿಷನ್ ಅಂತ ಎಲ್ಲರ ಮುಂದೆ ಹೇಳಿದ. ಆಮೇಲೆ ಸ್ಪ್ರಿಂಗ್ ಟ್ರೈನಿಂಗಲ್ಲಿ ಡಿಎಚ್‌ಗೆ ಒಪ್ಕೊಂಡ. ಸೀಸನ್ ಶುರುವಾದಾಗ ಮೊದಲ ಐದು ಮ್ಯಾಚಲ್ಲಿ 15 ಸಲ ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್), 19 ಸಲ ಪ್ರಯತ್ನ ಪಟ್ಟರೂ ಒಂದು ಹಿಟ್ ಸಿಗ್ಲಿಲ್ಲ, ನೆನಪಿದೆಯಲ್ಲ? ಒಂದು ಇನಿಂಗ್ಸ್‌ಗೂ ಇನ್ನೊಂದಕ್ಕೂ ಮಧ್ಯೆ ಡಗ್‌ಔಟಲ್ಲಿ ಸುಮ್ನೆ ಕೂತು, ಮೈ ತಣ್ಣಗಾಗಿ, ತಲೇಲಿ ಕಳೆದ ಬ್ಯಾಟಿಂಗೇ ಸುತ್ತುತ್ತಾ ಇರುತ್ತೆ, ಡಿಎಚ್ ಕೆಲಸದ ಕಷ್ಟ ಅದೇ. ಆದ್ರೂ ಅವನು ಅದಕ್ಕೆ ಹೊಂದ್ಕೊಂಡ, ಬೋಸ್ಟನ್ ಪರವಾಗಿ ಆಡಿದ 73 ಮ್ಯಾಚಲ್ಲಿ 15 ಹೋಮ್ ರನ್ ಹೊಡೆದ. ಅಷ್ಟರಲ್ಲಿ ಮೇ 2ಕ್ಕೆ ಟೀಮ್‌ನ ಫಸ್ಟ್ ಬೇಸ್ ಆಟಗಾರ ಟ್ರಿಸ್ಟನ್ ಕಸಾಸ್ ಫಸ್ಟ್ ಬೇಸ್‌ಗೆ ಓಡುವಾಗ ಮಂಡಿ ಮುಂದಿನ ಟೆಂಡನ್ (ಸ್ನಾಯುರಜ್ಜು) ಕಿತ್ಕೊಂಡು ಸೀಸನ್ ಪೂರ್ತಿ ಹೋದ, ಆಗ ಇವನನ್ನ ಫಸ್ಟ್ ಬೇಸ್‌ಗೆ ಬಾ ಅಂದ್ರು. ಗ್ಲೌ ಎತ್ತಿಡು ಅಂತ ನೀವೇ ಹೇಳಿದ್ರಲ್ಲ ಅಂತ ಅವನು ಒಪ್ಪಲಿಲ್ಲ. ಮಾಲೀಕರಾದ ಜಾನ್ ಹೆನ್ರಿ ಕಾನ್ಸಸ್ ಸಿಟಿ ತನಕ ಹೋಗಿ ಅವನ ಜೊತೆ ಕೂತು ಮಾತಾಡಿದ್ರು, ಜೂನ್ ಮಧ್ಯಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ಗೆ ಟ್ರೇಡ್. ಅದೇ ಜುಲೈನಲ್ಲಿ ಅವನು ಜೈಂಟ್ಸ್ ಪರವಾಗಿ ಫಸ್ಟ್ ಬೇಸಲ್ಲಿ ನಿಂತ!

ನಿಮ್ಮಿಬ್ಬರ ಜಗಳಕ್ಕೆ ಉತ್ತರ ಆ ಜುಲೈನಲ್ಲೇ ಇದೆ. ಬೋಸ್ಟನಲ್ಲಿ ಆಗಲ್ಲ ಅಂದಿದ್ದು ಇನ್ನೊಂದು ಊರಲ್ಲಿ ಎರಡೇ ತಿಂಗಳಿಗೆ ಆಯ್ತು ಅಂದ್ರೆ, ಕೈಲಾಗಲ್ಲ ಅನ್ನೋದು ಅವತ್ತಿನ ಕಾರಣ ಆಗಿರ್ಲಿಲ್ಲ, ಅವನು ಟೀಮ್ ಮೇಲಿನ ನಂಬಿಕೆ ಕಳ್ಕೊಂಡಿದ್ದ. ನನ್ನ ಅನುಭವದಲ್ಲಿ ದೊಡ್ಡ ಆಟಗಾರನಿಗೆ ಒಂದು ಸಲ ಜಾಗ ಬಿಡು ಅಂತ ಕೇಳಬಹುದು, ಅದಕ್ಕೆ ಅವನಿಗೆ ಒಂದು ಚಳಿಗಾಲ ಕೊಡಬೇಕು, ಇದೇ ಕೊನೆ ಅಂತ ಮಾತು ಕೊಟ್ರೆ ಅದನ್ನ ಉಳಿಸ್ಕೊಬೇಕು. ಎರಡು ತಿಂಗಳಲ್ಲಿ ಎರಡು ಸಲ ಕೇಳಿದ್ರೆ ಸಂಬಂಧ ಕೆಡುತ್ತೆ. ಅವನೂ ಸ್ವಲ್ಪ ಬಗ್ಗಬೇಕಿತ್ತು, ಅದೂ ನಿಜ, ಟೀಮ್ ಕಷ್ಟದಲ್ಲಿದ್ದಾಗ ನಾಳೆಯಿಂದ ಗ್ರೌಂಡ್ ಬಾಲ್ ತಗೊಂಡು ನೋಡ್ತೀನಿ ಅಂತ ಒಂದು ಮಾತು ಅಂದಿದ್ರೂ ಕತೆ ಬೇರೆ ಆಗ್ತಿತ್ತೇನೋ.

ಇಲ್ಲಿ ಇನ್ನೊಂದು ತಪ್ಪು ತಿಳುವಳಿಕೆ ಇದೆ, ಫಸ್ಟ್ ಬೇಸ್ ಅಂದ್ರೆ ಸುಲಭ, ಯಾರು ಬೇಕಾದ್ರೂ ನಿಲ್ಲಬಹುದು ಅನ್ನೋದು. ಬೇಲಿ ಹೊರಗೆ ಕೂತು ನೋಡಿದ್ರೆ ಹಾಗೇ ಕಾಣುತ್ತೆ, ಚೆಂಡು ಬರುತ್ತೆ, ಹಿಡಿಯೋದು. ಹತ್ತಿರದಿಂದ ನೋಡಿ. ಥರ್ಡ್ ಬೇಸ್‌ನಿಂದ ಫಸ್ಟ್ ಬೇಸ್‌ಗೆ 127 ಅಡಿ. ಅಷ್ಟು ದೂರದಿಂದ ಓಡ್ತಾ ಓಡ್ತಾ ಎಸೆದ ಚೆಂಡು ನೇರ ಎದೆಗೇ ಬರಲ್ಲ, ಮಣ್ಣಿಗೆ ಬಡಿದು ಪುಟಿಯುತ್ತೆ, ಆ ಪುಟಿತವನ್ನ ಗ್ಲೌನಲ್ಲಿ ಬಾಚ್ಕೊಬೇಕು. ಅದೇ ಹೊತ್ತಿಗೆ ಬಲಗಾಲೋ ಎಡಗಾಲೋ ಬೇಸ್‌ನ ಅಂಚು ಮುಟ್ಟಿರಬೇಕು, ಮಧ್ಯಕ್ಕೆ ಇಟ್ರೆ ಓಡಿ ಬರೋನ ಸ್ಪೈಕ್ ಹಿಮ್ಮಡಿ ಮೇಲೆ ಬೀಳುತ್ತೆ. ರನ್ನರ್ ಇದ್ದಾಗ ಬೇಸ್ ಹತ್ರ ನಿಂತು, ಪಿಚ್ಚರ್ (ಚೆಂಡು ಎಸೆಯೋನು) ಕೈಬಿಟ್ಟ ತಕ್ಷಣ ಎರಡು ಹೆಜ್ಜೆ ಒಳಗೆ ಜಿಗೀಬೇಕು. ಬಂಟ್ (ಬ್ಯಾಟರ್ ಮೆಲ್ಲಗೆ ತಟ್ಟಿದ ಚೆಂಡು) ಬಂದ್ರೆ ಓಡಬೇಕು, ಪಿಚ್ಚರ್ ಬೇಸ್ ಕವರ್ ಮಾಡೋಕೆ ಓಡಿ ಬರುವಾಗ ಅವನ ಎದೆ ಎತ್ತರಕ್ಕೆ, ಅವನ ಹೆಜ್ಜೆಗಿಂತ ಅರೆಕ್ಷಣ ಮುಂಚೆ ಚೆಂಡು ತಲುಪಿಸಬೇಕು. ಹದಿನೈದು ಇಪ್ಪತ್ತು ಸಾವಿರ ಸಲ ಥರ್ಡ್ ಬೇಸ್‌ನಿಂದ ನೋಡಿದ ಆಟವನ್ನ ಕನ್ನಡಿಯಲ್ಲಿ ತಿರುಗಿಸಿ ನೋಡಿದ ಹಾಗಿರುತ್ತೆ. ಕಲೀಬಹುದು, ಆದ್ರೆ ಮೇ ತಿಂಗಳ ಮಧ್ಯೆ ಅಲ್ಲ. ಲೆಫ್ಟ್ ಫೀಲ್ಡೂ ಹಾಗೇ. 2015ರಲ್ಲಿ ಇದೇ ರೆಡ್ ಸಾಕ್ಸ್ ಹ್ಯಾನ್ಲಿ ರಾಮಿರೆಜ್‌ನ 88 ಮಿಲಿಯನ್ ಡಾಲರ್‌ಗೆ ತಂದು, ಹೆಚ್ಚಾಗಿ ಶಾರ್ಟ್‌ಸ್ಟಾಪೇ ಆಡಿದ್ದೋನನ್ನ ತಮ್ಮ ಫೆನ್‌ವೇ ಪಾರ್ಕ್ ಮೈದಾನದ 37 ಅಡಿ ಎತ್ತರದ ಹಸಿರು ಗೋಡೆ ಮುಂದೆ ನಿಲ್ಲಿಸಿದ್ರು, ಪಾಪ ಅವನು ಗೋಡೆಗೆ ಬಡಿದು ಬರೋ ಚೆಂಡು ಯಾವ ಕಡೆ ಹೋಗುತ್ತೆ ಅಂತ ಅರ್ಥ ಮಾಡ್ಕೊಳೋದ್ರಲ್ಲೇ ವರ್ಷ ಮುಗೀತು, ಮುಂದಿನ ವರ್ಷ ಫಸ್ಟ್ ಬೇಸ್‌ಗೆ ಬಂದ.

ಈಗ ಕ್ರಿಸ್ಟಿಯನ್ ಕ್ಯಾಂಪ್‌ಬೆಲ್. ನನಗೆ ಮನಸ್ಸಿಗೆ ಹತ್ತಿರವಾದ ವಿಷಯ ಇದು, ಯಾಕಂದ್ರೆ ನಾನು ನೋಡಿದ ಹುಡುಗರಲ್ಲಿ ತುಂಬಾ ಜನ ಇವನ ಥರಾನೇ ಇದ್ರು. 2023ರ ಡ್ರಾಫ್ಟಲ್ಲಿ (ಟೀಮ್‌ಗಳು ಸರದಿಯಲ್ಲಿ ಹೊಸ ಹುಡುಗರನ್ನ ಆರಿಸೋದು) 132ನೇ ಆಯ್ಕೆ, ಒಂದೂವರೆ ವರ್ಷದಲ್ಲಿ ದೇಶದ ಟಾಪ್ ಪ್ರಾಸ್ಪೆಕ್ಟ್‌ಗಳ, ಅಂದ್ರೆ ಭರವಸೆಯ ಹುಡುಗರ, ಲಿಸ್ಟಿಗೆ ಬಂದ. 2025ರ ಮೊದಲ ಮ್ಯಾಚಿಂದ್ಲೇ ಟೀಮಲ್ಲಿ, ಏಪ್ರಿಲ್ 2ಕ್ಕೆ ಎಂಟು ವರ್ಷಕ್ಕೆ 60 ಮಿಲಿಯನ್ ಒಪ್ಪಂದ. ಏಪ್ರಿಲ್ ಮುಗಿದಾಗ ಬ್ಯಾಟಿಂಗ್ ಆವರೇಜ್ .301 (ಹತ್ತು ಪ್ರಯತ್ನಕ್ಕೆ ಸುಮಾರು ಮೂರು ಹಿಟ್), ಅಮೆರಿಕನ್ ಲೀಗ್‌ನ ಆ ತಿಂಗಳ ಬೆಸ್ಟ್ ರೂಕಿ (ಮೊದಲ ವರ್ಷದ ಆಟಗಾರ). ಮೇ ತಿಂಗಳಲ್ಲಿ .134. ಜೂನಲ್ಲಿ ವಾಪಸ್ ವುಸ್ಟರ್‌ನ ಮೈನರ್ ಲೀಗ್ ಟೀಮ್‌ಗೆ, ನಿಮ್ಮ ಮನೆ ಹತ್ರಾನೇ. ನೀವು ಹೇಳೋದು: ಸೆಕೆಂಡ್ ಬೇಸ್, ಸೆಂಟರ್ ಫೀಲ್ಡ್, ಲೆಫ್ಟ್ ಫೀಲ್ಡ್ ಎಲ್ಲಾ ಆಡಿಸಿದ್ರು, ಕಸಾಸ್ ಬಿದ್ದ ಮೇಲೆ ಮ್ಯಾಚ್‌ಗೆ ಮುಂಚೆ ಫಸ್ಟ್ ಬೇಸ್ ಪ್ರಾಕ್ಟೀಸೂ ಮಾಡಿಸಿದ್ರು, ಅದರಿಂದ್ಲೇ ಕೆಟ್ಟ. ಮಗ ಹೇಳೋದು: ಪಿಚ್ಚರ್‌ಗಳು ಅವನ ವೀಕ್‌ನೆಸ್ ಹಿಡಿದ್ರು ಅಷ್ಟೇ.

ಮಗ ಜಾಸ್ತಿ ಸರಿ, ನೀವೂ ಪೂರ್ತಿ ತಪ್ಪಲ್ಲ. ಮೇಜರ್ ಲೀಗಲ್ಲಿ ಹೊಸ ಹುಡುಗ ಒಂದು ತಿಂಗಳು ಚೆನ್ನಾಗಿ ಆಡಿದ್ರೆ ಎದುರಾಳಿ ಟೀಮ್‌ಗಳ ಹತ್ರ ಅವನ ನೂರಾರು ಸ್ವಿಂಗ್‌ಗಳ ವಿಡಿಯೋ ಸೇರಿರುತ್ತೆ, ಆ ಕೆಲಸ ಮಾಡ್ತಿದ್ದೋನೇ ನಾನು, ಯಾವ ಎತ್ತರದ ಚೆಂಡಿಗೆ ಅವನ ಕೈ ತಡ ಆಗುತ್ತೆ ಅಂತ ಮೂರು ದಿನದಲ್ಲಿ ಹೇಳಬಹುದು. ಅದಾದ್ಮೇಲೆ ಎಲ್ಲಾ ಪಿಚ್ಚರ್‌ಗಳೂ ಅಲ್ಲಿಗೇ ಎಸೀತಾರೆ. ಇದಕ್ಕೆ ಉತ್ತರ ಕಂಡ್ಕೊಳೋಕೆ ಹುಡುಗನಿಗೆ ಸಮಯ ಬೇಕು, ದಿನಾ ಬ್ಯಾಟಿಂಗ್ ಕೇಜಲ್ಲಿ ಒಂದು ಗಂಟೆ ಜಾಸ್ತಿ ಬೇಕು, ರಾತ್ರಿ ತಲೆ ಖಾಲಿ ಇರಬೇಕು. ಪೊಸಿಷನ್ ಬದಲಾವಣೆಯ ಪೆಟ್ಟು ಬೀಳೋದು ಅಲ್ಲೇ. ಅದು ಅವನ ಸ್ವಿಂಗ್ ಕೆಡಿಸಲ್ಲ, ಆದ್ರೆ ಕೆಟ್ಟ ಸ್ವಿಂಗ್ ಸರಿ ಮಾಡ್ಕೊಳೋ ಗಂಟೆಗಳನ್ನ ತಿಂದು ಹಾಕುತ್ತೆ. ನಾನು ಕೆಲಸ ಮಾಡಿದ ಒಂದು ಟೀಮಲ್ಲಿ ಒಬ್ಬ ಸೆಕೆಂಡ್ ಬೇಸ್ ಹುಡುಗನಿಗೆ ನಾಳೆಯಿಂದ ಲೆಫ್ಟ್ ಫೀಲ್ಡ್ ಅಂತ ಫೋನಿಗೆ ಮೆಸೇಜ್ ಕಳಿಸಿದ್ರು. ಮಧ್ಯಾಹ್ನ ಎರಡು ಗಂಟೆಗೆ ಬಂದು ಬೇರೆಯವರ ದೊಡ್ಡ ಗ್ಲೌ ಕೈಗೆ ಹಾಕ್ಕೊಂಡು ಒಬ್ಬನೇ ಬಿಸಿಲಲ್ಲಿ ನಿಂತು ಫ್ಲೈ ಬಾಲ್ ಹಿಡೀತಿದ್ದ, ಅವತ್ತು ಕೇಜ್‌ಗೆ ಬರಲೇ ಇಲ್ಲ, ಮರುದಿನಾನೂ ಬರ್ಲಿಲ್ಲ. ಮೂರು ವಾರದ ಮೇಲೆ ವಿಡಿಯೋ ನೋಡಿದಾಗ ಅವನ ಮುಂಗಾಲು ಬೇಗ ತೆರ್ಕೊಳ್ತಿತ್ತು, ಯಾರೂ ಗಮನಿಸಿರ್ಲಿಲ್ಲ, ನಾನೂ ಸೇರಿ. ಆ ತಪ್ಪು ಇವತ್ತಿಗೂ ನನ್ನ ಮನಸ್ಸಲ್ಲಿದೆ.

ರೆಡ್ ಸಾಕ್ಸಲ್ಲೇ ಇದಕ್ಕೆ ಹಳೇ ಸಾಕ್ಷಿ ಇದೆ. 2014ರಲ್ಲಿ ಶಾರ್ಟ್‌ಸ್ಟಾಪ್ ಆಗಿ ಶುರು ಮಾಡಿದ ಜಾಂಡರ್ ಬೋಗಾರ್ಟ್ಸ್ ಮೇ ತಿಂಗಳಲ್ಲಿ ಚೆನ್ನಾಗೇ ಹೊಡೀತಿದ್ದ. ಟೀಮ್ ಸ್ಟೀಫನ್ ಡ್ರೂನ ವಾಪಸ್ ತಂದು ಇವನನ್ನ ಥರ್ಡ್ ಬೇಸ್‌ಗೆ ತಳ್ಳಿತು, ಜೂನಿಂದ ಬ್ಯಾಟೂ ಮಲಗ್ತು, ವರ್ಷದ ಕೊನೆಗೆ .240. ಮುಂದಿನ ವರ್ಷ ಶಾರ್ಟ್‌ಸ್ಟಾಪ್ ನಿನ್ನದೇ ಅಂತ ಬಿಟ್ಟುಕೊಟ್ಟಾಗ .320 ಹೊಡೆದು ಸಿಲ್ವರ್ ಸ್ಲಗ್ಗರ್ ಅನ್ನೋ ಬ್ಯಾಟಿಂಗ್ ಪ್ರಶಸ್ತಿ ತಗೊಂಡ. ವಯಸ್ಸು, ಅನುಭವ ಕೂಡ ಕಾರಣ ಇರಬಹುದು, ಒಂದೇ ಉದಾಹರಣೆ ಹಿಡ್ಕೊಂಡು ಸಿದ್ಧಾಂತ ಕಟ್ಟಬಾರದು. ಆದ್ರೆ ನಾನು ಮೀಟಿಂಗಲ್ಲಿ ಕೂತಾಗೆಲ್ಲಾ ಬೋಗಾರ್ಟ್ಸ್ ಹೆಸರು ತೆಗೀತಿದ್ದೆ.

ಅದೇ ವರ್ಷ, ಅದೇ ಸಂಸ್ಥೆಯಲ್ಲಿ, ಇದರ ಇನ್ನೊಂದು ಮುಖಾನೂ ಇದೆ, ನಿಮ್ಮ ಮಗನಿಗೆ ಇದನ್ನ ಹೇಳಲೇಬೇಕು. ಮೂಕಿ ಬೆಟ್ಸ್ ಸೆಕೆಂಡ್ ಬೇಸ್ ಹುಡುಗ, ಮೈಕಟ್ಟು ಚಿಕ್ಕದು, 2011ರ ಡ್ರಾಫ್ಟಲ್ಲಿ ಐದನೇ ರೌಂಡು. ಬೋಸ್ಟನಲ್ಲಿ ಸೆಕೆಂಡ್ ಬೇಸ್ ಡಸ್ಟಿನ್ ಪೆಡ್ರೋಯಾದು, 2013ರಲ್ಲಷ್ಟೇ ಎಂಟು ವರ್ಷಕ್ಕೆ 110 ಮಿಲಿಯನ್ ಒಪ್ಪಂದ ಆಗಿತ್ತು, ಅಂದ್ರೆ ಆ ಬಾಗಿಲು ಮುಚ್ಚಿತ್ತು. 2014ರ ಮೇನಲ್ಲಿ ಪೋರ್ಟ್‌ಲ್ಯಾಂಡಲ್ಲಿ, ಡಬಲ್ ಎ ಮಟ್ಟದಲ್ಲಿ, ಅವನನ್ನ ಸೆಂಟರ್ ಫೀಲ್ಡಲ್ಲಿ ನಿಲ್ಲಿಸಿದ್ರು. ಜೂನ್ 29ಕ್ಕೆ ಯಾಂಕೀ ಸ್ಟೇಡಿಯಮ್‌ನ ರೈಟ್ ಫೀಲ್ಡಲ್ಲಿ ಮೊದಲ ಮೇಜರ್ ಲೀಗ್ ಮ್ಯಾಚ್. ಆಮೇಲೆ ಔಟ್‌ಫೀಲ್ಡಲ್ಲಿ ಆರು ಗೋಲ್ಡ್ ಗ್ಲೌ, 2018ರಲ್ಲಿ ಎಂವಿಪಿ (ಲೀಗ್‌ನ ಶ್ರೇಷ್ಠ ಆಟಗಾರ). ಅದು ಏಣಿಯಲ್ಲಿ ಕೆಳಗಿಳಿದಿದ್ದೇ ಅಲ್ವಾ? ರೈಟ್ ಫೀಲ್ಡ್ ಲೆಕ್ಕದಲ್ಲಿ ಹೌದು. ಬದುಕಲ್ಲಿ ಅದೇ ಅವನಿಗೆ ದಾರಿ ಆಯ್ತು. ಇನ್ನೂ ಆಶ್ಚರ್ಯ ಅಂದ್ರೆ ಡಾಡ್ಜರ್ಸ್‌ಗೆ ಹೋದ ಮೇಲೆ, 30 ದಾಟಿದ ಮೇಲೆ, ಎಲ್ಲರೂ ಏಣಿ ಇಳಿಯೋ ವಯಸ್ಸಲ್ಲಿ ಅವನು ಹತ್ತಿದ, 2025ರಲ್ಲಿ ಪೂರ್ತಿ ಸೀಸನ್ ಶಾರ್ಟ್‌ಸ್ಟಾಪ್ ಆಡಿದ. ನವೆಂಬರ್ 1ರ ರಾತ್ರಿ ಟೊರಾಂಟೋದಲ್ಲಿ ವರ್ಲ್ಡ್ ಸೀರೀಸ್ (ಮೇಜರ್ ಲೀಗ್ ಫೈನಲ್) ಏಳನೇ ಮ್ಯಾಚ್, ಹನ್ನೊಂದನೇ ಇನಿಂಗ್ಸ್, ನೀವಿಬ್ರೂ ನೋಡಿರ್ತೀರ. ಒಬ್ಬ ಔಟಾಗಿದ್ದ, ಫಸ್ಟ್ ಮತ್ತು ಥರ್ಡಲ್ಲಿ ರನ್ನರ್, ಟೊರಾಂಟೋ ಬ್ಯಾಟರ್ ಕರ್ಕ್‌ನ ಬ್ಯಾಟ್ ಮುರಿದು ಚೆಂಡು ಉರುಳ್ಕೊಂಡು ಬಂತು. ಬೆಟ್ಸ್ ಅದನ್ನ ಎತ್ಕೊಂಡು, ಬೇರೆಯವರಿಗೆ ಕೊಡದೆ ತಾನೇ ಸೆಕೆಂಡ್ ಬೇಸ್ ತುಳಿದು, ಅದೇ ಓಟದಲ್ಲಿ ಫಸ್ಟ್‌ಗೆ ಫ್ರೀಮನ್‌ಗೆ ಎಸೆದ, ಸೀರೀಸ್ ಮುಗೀತು. ಆ ಕಾಲಿನ ಲೆಕ್ಕ ಸೆಕೆಂಡ್ ಬೇಸ್ ಹುಡುಗನಾಗಿದ್ದಾಗ ಕಲಿತಿದ್ದು. ಔಟ್‌ಫೀಲ್ಡಲ್ಲಿ ಹತ್ತು ವರ್ಷ ಕಳೆದ್ರೂ ಅದು ಎಲ್ಲೂ ಹೋಗಿರ್ಲಿಲ್ಲ.

ಹಾಗಾದ್ರೆ ಬೆಟ್ಸ್‌ಗೆ ಆಗಿದ್ದು ಕ್ಯಾಂಪ್‌ಬೆಲ್‌ಗೆ ಯಾಕಾಗ್ಲಿಲ್ಲ? ಬೆಟ್ಸ್ ಹೊಸ ಜಾಗ ಕಲಿತಿದ್ದು ಮೈನರ್ ಲೀಗಲ್ಲಿ, ಬ್ಯಾಟ್ ಉರೀತಿದ್ದಾಗ. ಕ್ಯಾಂಪ್‌ಬೆಲ್ ಕಲಿತಿದ್ದು ಮೇಜರ್ ಲೀಗಲ್ಲಿ, ಬ್ಯಾಟ್ ಆರ್ತಾ ಇದ್ದಾಗ, ಅದೂ ಒಂದಲ್ಲ ಮೂರ್ನಾಲ್ಕು. ಮಾರ್ಸೆಲೋ ಮೇಯರ್‌ನ ನೋಡಿ, ಹುಟ್ಟಾ ಶಾರ್ಟ್‌ಸ್ಟಾಪ್, ಆದ್ರೆ ಬೋಸ್ಟನಲ್ಲಿ ಟ್ರೆವರ್ ಸ್ಟೋರಿ ಇದ್ದ ಅಂತ ವುಸ್ಟರಲ್ಲೇ ಮುಂಚೆಯಿಂದ ಸೆಕೆಂಡ್, ಥರ್ಡ್ ಸ್ವಲ್ಪ ಸ್ವಲ್ಪ ಆಡಿಸಿದ್ರು. ಮೇ ಕೊನೆಗೆ ಬ್ರೆಗ್‌ಮನ್ ಗಾಯ ಮಾಡ್ಕೊಂಡಾಗ ಥರ್ಡ್ ಬೇಸಲ್ಲಿ ಬಂದು ನಿಂತ, ಫೀಲ್ಡಿಂಗಲ್ಲಿ ಹೊಸಬ ಅನ್ನಿಸಲೇ ಇಲ್ಲ. ಬ್ಯಾಟ್ ಇನ್ನೂ ಮಾಗಬೇಕು, ಆಮೇಲೆ ಮಣಿಕಟ್ಟಿನ ಸರ್ಜರಿ ಬೇರೆ.

ಪ್ರಾಸ್ಪೆಕ್ಟ್ ಲಿಸ್ಟ್ ಬಗ್ಗೆ ಇಲ್ಲೇ ಒಂದು ಮಾತು. ಆಂಥನಿ, ಕ್ಯಾಂಪ್‌ಬೆಲ್, ಮೇಯರ್ ಮೂವರನ್ನೂ ಒಂದೇ ಉಸಿರಲ್ಲಿ ಹೇಳ್ತಿದ್ವಿ, ಮೂವರೂ ಒಂದೇ ವರ್ಷ ಬಂದ್ರು, ಮೂವರ ವರ್ಷವೂ ಬೇರೆ ಬೇರೆ ಆಯ್ತು. ರೋಮನ್ ಆಂಥನಿ 2022ರಲ್ಲಿ 79ನೇ ಆಯ್ಕೆ, ಜೂನ್ 9ರ ಮೊದಲ ಮ್ಯಾಚಲ್ಲಿ ಹಿಟ್ಟೂ ಇಲ್ಲ, ರೈಟ್ ಫೀಲ್ಡಲ್ಲಿ ಎರರ್ ಬೇರೆ. ಕೊನೆಗೆ 71 ಮ್ಯಾಚಲ್ಲಿ .292, ಎಂಟು ವರ್ಷಕ್ಕೆ 130 ಮಿಲಿಯನ್. ಸ್ಕೌಟ್‌ಗಳು 20ರಿಂದ 80ರ ತನಕ ಅಂಕ ಕೊಡ್ತಾರೆ, 50 ಅಂದ್ರೆ ಮೇಜರ್ ಲೀಗ್‌ನ ಸಾಧಾರಣ ಮಟ್ಟ. ಆ ಅಂಕ ಹೇಳೋದು ಹುಡುಗ ಎಲ್ಲಿ ತನಕ ಹೋಗಬಲ್ಲ ಅಂತ, ಯಾವಾಗ ಹೋಗ್ತಾನೆ ಅಂತ ಅಲ್ಲ. ಲಿಸ್ಟಲ್ಲಿ ಶಾರ್ಟ್‌ಸ್ಟಾಪ್‌ಗಳು ಅಷ್ಟೊಂದು ಇರೋಕೂ ಕಾರಣ ಇದೆ: ಅಲ್ಲಿ ನಿಲ್ಲಬಲ್ಲೋನು ಉಳಿದ ಕಡೆಯೆಲ್ಲಾ ನಿಲ್ಲೋದನ್ನ ಕಲೀತಾನೆ ಅಂತ ಟೀಮ್‌ಗಳಿಗೆ ಗೊತ್ತು. ಬೋಸ್ಟನಲ್ಲಿ ಟೆಡ್ ವಿಲಿಯಮ್ಸ್ ನಿವೃತ್ತಿ ಆದ್ಮೇಲೆ 1961ರಲ್ಲಿ ಲೆಫ್ಟ್ ಫೀಲ್ಡಿಗೆ ಬಂದ ಕಾರ್ಲ್ ಯಸ್ಟ್ರೆಮ್ಸ್ಕಿ ಕೂಡ ಮೂಲದಲ್ಲಿ ಶಾರ್ಟ್‌ಸ್ಟಾಪೇ.

ನಾಲ್ಕು ಔಟ್‌ಫೀಲ್ಡರ್‌ಗಳ ವಿಷಯ. ಡುರಾನ್, ರಫೇಲಾ, ಅಬ್ರೇಯು, ಆಂಥನಿ. ಎಲ್ಲರನ್ನೂ ಇಟ್ಕೊಂಡು ಡಿಎಚ್ ಜಾಗದಲ್ಲಿ ತಿರುಗಿಸಬಹುದು, ಗಾಯ ಅಂತೂ ಆಗೇ ಆಗುತ್ತೆ, ಆಂಥನಿಗೇ ಸೆಪ್ಟೆಂಬರಲ್ಲಿ ಪಕ್ಕೆ ಹಿಡ್ಕೊಂಡು ಹೋಯ್ತಲ್ಲ, ಆಗ ನಾಲ್ಕನೆಯೋನು ಬೇಕೇ ಬೇಕು. ಅಪಾಯ ಏನಂದ್ರೆ ಡಿಎಚ್‌ಗೆ ಯೋಶಿದಾ ಇದಾನೆ, ಯಾರಿಗೋ ಒಬ್ಬನಿಗೆ ವಾರದಲ್ಲಿ ಮೂರು ದಿನ ಬೆಂಚು. ಟ್ರೇಡ್ ಮಾಡಬಹುದು, 2024ರ ಡಿಸೆಂಬರಲ್ಲಿ ಕೈಲ್ ಟೀಲ್ ಮತ್ತೆ ಇನ್ನೂ ಮೂವರು ಹುಡುಗರನ್ನ ಕೊಟ್ಟು ಗ್ಯಾರೆಟ್ ಕ್ರೋಷೆಯನ್ನ ತಂದ್ರು, ಅವನು 18 ಗೆಲುವು, 255 ಸ್ಟ್ರೈಕ್ ಔಟ್ ಕೊಟ್ಟ. ಆ ಥರದ ಪಿಚ್ಚರ್ ಸಿಗೋದಾದ್ರೆ ನಾನು ಡುರಾನ್ ಬಗ್ಗೆ ಮಾತಾಡೋಕೆ ತಯಾರು, ಸುಮ್ನೆ ಜಾಗ ಖಾಲಿ ಮಾಡೋಕೆ ಮಾತ್ರ ಬೇಡ. ರಫೇಲಾನ ಸೆಂಟರ್‌ನಿಂದ ಅಲ್ಲಾಡಿಸಲೇಬಾರದು. 2024ರಲ್ಲಿ ಸ್ಟೋರಿ ಗಾಯ ಆದಾಗ ಅವನನ್ನ ಶಾರ್ಟ್‌ಸ್ಟಾಪ್‌ಗೂ ಸೆಂಟರ್‌ಗೂ ಓಡಾಡಿಸಿದ್ರು, 2025ರಲ್ಲಿ ಹೆಚ್ಚಾಗಿ ಸೆಂಟರಲ್ಲೇ ಬಿಟ್ರು, ಗೋಲ್ಡ್ ಗ್ಲೌ ಬಂತು. ಕ್ಯಾಂಪ್‌ಬೆಲ್‌ಗೂ ನನ್ನ ಸಲಹೆ ಅದೇ: ಒಂದು ಜಾಗ ಆರಿಸಿ, ವುಸ್ಟರಲ್ಲಿ ಅರವತ್ತು ಮ್ಯಾಚ್ ಅಲ್ಲೇ ಬಿಡಿ, ಬೋಸ್ಟನಲ್ಲಿ ಯಾರಿಗೆ ಗಾಯ ಆದ್ರೂ ಅವನ ಜಾಗ ಮುಟ್ಟಬೇಡಿ. ಇದರ ನಷ್ಟ ಅಂದ್ರೆ ಆ ಒಂದು ಜಾಗ ಬೋಸ್ಟನಲ್ಲಿ ಖಾಲಿ ಆಗದೇ ಇರಬಹುದು. ಆ ನಷ್ಟ ತಡ್ಕೊಬಹುದು, ಒಪ್ಪಂದ 2032ರ ತನಕ ಇದೆ.

ಈಗ ನಿಮ್ಮ ಮಗ.

ಮೇಲೆ ಕೊಟ್ಟ ಲೆಕ್ಕ ಮತ್ತೆ ನೋಡಿ, ಶಾರ್ಟ್‌ಸ್ಟಾಪ್‌ಗೂ ಸೆಂಟರ್ ಫೀಲ್ಡ್‌ಗೂ ಇರೋ ವ್ಯತ್ಯಾಸ ದೊಡ್ಡವರ ಆಟದಲ್ಲೇ ವರ್ಷಕ್ಕೆ ಐದು ರನ್. ಶಾಲೆ ಮಟ್ಟದಲ್ಲಿ ಕೋಚ್‌ಗಳು ನಿಧಾನ ಇರೋ ಹುಡುಗನನ್ನ ಸೆಂಟರ್‌ಗೆ ಕಳಿಸಲ್ಲ. ಅಲ್ಲಿ ಹೋಗೋನು ಚೆನ್ನಾಗಿ ಓಡ್ತಾನೆ, ತಲೆ ಓಡಿಸ್ತಾನೆ, ಅಕ್ಕಪಕ್ಕದ ಇಬ್ಬರಿಗೂ ಬಿಡು, ನನ್ನದು ಅಂತ ಕೂಗಿ ಹೇಳೋ ಧೈರ್ಯ ಇದೆ ಅಂತ ಅರ್ಥ. ಇನ್ನೊಬ್ಬ ಹುಡುಗನ ಕೈ ಬೇಗ ಇರಬಹುದು, ಅಥವಾ ಸೆಂಟರಲ್ಲಿ ನಿಲ್ಲೋಕೆ ಯಾರೂ ಇಲ್ಲದೇ ಇರಬಹುದು. ಕಾರಣ ಕೋಚ್‌ಗೇ ಗೊತ್ತು, ಅದನ್ನ ಕೇಳಬೇಕಾದೋನು ನಿಮ್ಮ ಮಗ, ನೀವಲ್ಲ. ಸರ್, ಇದನ್ನ ಒತ್ತಿ ಹೇಳ್ತೀನಿ. 15 ವರ್ಷದ ಹುಡುಗನ ಪರವಾಗಿ ಅಪ್ಪ ಹೋಗಿ ಪೊಸಿಷನ್ ಬಗ್ಗೆ ಮಾತಾಡಿದ್ರೆ ಕೋಚ್ ನಕ್ಕು ಆಯ್ತು ಅಂತಾರೆ, ಆಮೇಲೆ ಹುಡುಗನ ಜೊತೆ ಮೊದಲಿನ ಹಾಗೆ ಬಿಚ್ಚಿ ಮಾತಾಡಲ್ಲ. ಅವನೇ ಹೋಗಿ ಎರಡು ಪ್ರಶ್ನೆ ಕೇಳ್ಲಿ: ನನ್ನಲ್ಲಿ ಏನು ನೋಡಿ ಸೆಂಟರ್ ಅಂದ್ರಿ? ಪ್ರಾಕ್ಟೀಸಲ್ಲಿ ವಾರಕ್ಕೊಂದು ದಿನ ಶಾರ್ಟ್‌ಸ್ಟಾಪಲ್ಲಿ ಗ್ರೌಂಡ್ ಬಾಲ್ ತಗೊಳ್ಲಾ? ಎರಡನೇ ಪ್ರಶ್ನೆಗೆ ಹೂಂ ಅಂದ್ರೆ ಚಿಂತೆ ಬಿಡಿ. ಬೇಡ ಅಂದ್ರೆ ಬೇಸಿಗೆಯಲ್ಲಿ ಶಾಲೆ ಹೊರಗಿನ ಟೀಮಲ್ಲಿ ಶಾರ್ಟ್‌ಸ್ಟಾಪ್ ಆಡೋ ದಾರಿ ಇದೆ, ಆದ್ರೆ ಎರಡೂ ಕಡೆ ಆಡಿ ಕೈಗೆ ರೆಸ್ಟ್ ಇಲ್ಲದ ಹಾಗೆ ಮಾಡ್ಕೊಬಾರದು.

ಆಗಲ್ಲ ಅಂತ ಹಠ ಹಿಡಿಯೋದೂ ಒಂದು ಆಯ್ಕೆನೇ. ಆ ಹಕ್ಕು ಅವನಿಗಿದೆ, ಆದ್ರೆ ಅದರಲ್ಲಿ ಬೆಂಚ್ ಮೇಲೆ ಕೂರೋ ಅಪಾಯ ಇದೆ ಅಂತ ಮುಂಚೆನೇ ಹೇಳಿಬಿಡಿ.

ಕಷ್ಟ ಏನಿರುತ್ತೆ ಅಂತಾನೂ ಅವನಿಗೆ ಗೊತ್ತಿರ್ಲಿ. ಸೆಂಟರಲ್ಲಿ ಪಕ್ಕಕ್ಕೆ ಹೋಗೋ ಚೆಂಡು ಸುಲಭ, ನೇರ ಮುಖಕ್ಕೆ ಬರೋ ಚೆಂಡೇ ಮೋಸ ಮಾಡೋದು, ಅದು ಮುಂದೆ ಬೀಳುತ್ತಾ ತಲೆ ಮೇಲೆ ಹೋಗುತ್ತಾ ಅಂತ ಮೊದಲ ಅರೆಕ್ಷಣ ಗೊತ್ತೇ ಆಗಲ್ಲ. ಅನುಮಾನ ಬಂದ್ರೆ ಮೊದಲ ಹೆಜ್ಜೆ ಹಿಂದಕ್ಕೆ, ಅದೊಂದೇ ನಿಯಮ ಸಾಕು ಮೊದಲ ತಿಂಗಳಿಗೆ. ಜ್ಯಾರೆನ್ ಡುರಾನ್ ಕಾಲೇಜಲ್ಲಿ ಸೆಕೆಂಡ್ ಬೇಸ್ ಹುಡುಗ, 2022ರ ಜುಲೈ 22ಕ್ಕೆ ಫೆನ್‌ವೇ ಪಾರ್ಕಲ್ಲಿ ಸಂಜೆ ಬೆಳಕಲ್ಲಿ ಚೆಂಡು ಕಾಣದೆ ನಿಂತ, ಅದು ಹಿಂದೆ ಬಿದ್ದು ಉರುಳಿ ನಾಲ್ಕು ರನ್ ಹೋಯ್ತು, ಆ ಮ್ಯಾಚ್ ಟೀಮ್ 28-5ಕ್ಕೆ ಸೋಲ್ತು. ಎರಡು ವರ್ಷದ ಮೇಲೆ ಅದೇ ಹುಡುಗ ಆಲ್ ಸ್ಟಾರ್ ಮ್ಯಾಚ್‌ನ ಎಂವಿಪಿ. ಮಗನಿಗೂ ಅಂಥ ಒಂದು ಸಂಜೆ ಬಂದೇ ಬರುತ್ತೆ, ಅವತ್ತು ಕಾರಲ್ಲಿ ವಾಪಸ್ ಬರುವಾಗ ಪೊಸಿಷನ್ ಮಾತು ತೆಗೀಬೇಡಿ.

ಕೈ ವಿಷಯದಲ್ಲಿ ಹುಷಾರು. ಶಾರ್ಟ್‌ಸ್ಟಾಪ್ ಎಸೆಯೋದು ಕಿವಿ ಹತ್ರದಿಂದ ಚಿಕ್ಕದಾಗಿ, ಸೆಂಟರ್‌ನಿಂದ ಹೋಮ್‌ಗೆ ಎಸೆಯುವಾಗ ತೋಳು ಪೂರ್ತಿ ತಿರುಗಿ ಮೇಲಿಂದ ಬರಬೇಕು. ಮಾರ್ಚ್‌ನಲ್ಲಿ ಚಳಿಯಲ್ಲಿ ಏಕಾಏಕಿ ಶುರು ಮಾಡಿದ್ರೆ ಭುಜ ಹಿಡ್ಕೊಳುತ್ತೆ. ಜನವರಿ ಕೊನೆಯಿಂದ ಒಳಾಂಗಣದಲ್ಲಿ ವಾರಕ್ಕೆ ಮೂರು ದಿನ ಎಸೀಲಿ, ದೂರವನ್ನ ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸ್ಲಿ, ನೋವು ಅಂದ ದಿನ ನಿಲ್ಲಿಸ್ಲಿ.

ಇನ್ನೊಂದು ಕೆಲಸ ಈಗ್ಲೇ ಮಾಡಿ. ಅವನ ಹತ್ರ ಇರೋದು 11.5 ಇಂಚಿನ ಇನ್‌ಫೀಲ್ಡ್ ಗ್ಲೌ ಇರಬೇಕು, ಔಟ್‌ಫೀಲ್ಡ್‌ಗೆ 12.5 ಅಥವಾ ಅದಕ್ಕಿಂತ ದೊಡ್ಡದು ಬೇಕು. ಅವನನ್ನೇ ಕರ್ಕೊಂಡು ಹೋಗಿ, ಅವನೇ ಕೈಗೆ ಹಾಕಿ ನೋಡಿ ಆರಿಸ್ಲಿ. ಹೊಸ ಚರ್ಮ ಹಲಗೆ ಥರ ಇರುತ್ತೆ, ರಾತ್ರಿ ಮಲಗುವಾಗ ಒಳಗೊಂದು ಚೆಂಡಿಟ್ಟು ದಾರ ಕಟ್ಟಿಡಿ, ಸಂಜೆ ಗ್ಯಾರೇಜಲ್ಲಿ ನೀವಿಬ್ರೂ ಇಪ್ಪತ್ತು ನಿಮಿಷ ಕ್ಯಾಚ್ ಆಡಿ, ಮಾರ್ಚ್ ಹೊತ್ತಿಗೆ ಮೆತ್ತಗಾಗುತ್ತೆ. ಹಳೇ ಗ್ಲೌನ ಅಟ್ಟಕ್ಕೆ ಹಾಕಬೇಡಿ, ಅದೂ ಅದೇ ಬ್ಯಾಗಲ್ಲಿ ಇರ್ಲಿ.